ಹುಬ್ಬಳ್ಳಿಯಲ್ಲಿ ಎರಡು ಕಾಲಜ್ಞಾನ ಎದುರಾದಾಗ: ರ‍್ಯಾಪ್ಚರ್ ದಿನಾಂಕದ ಹಿಂದಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

 

2025ರ ಸೆಪ್ಟೆಂಬರ್‌ನಲ್ಲಿ, ನಾನು ನಮ್ಮೂರು ಬಮ್ಮಿಗಟ್ಟಿಗೆ ಹೋಗಿದ್ದೆ. ಕಲಘಟಗಿ ತಾಲೂಕಿನ ಊರು. ಘಟಸ್ಥಾಪನೆ ಆಗಿತ್ತು, ಸೋಯಾಬೀನ್ ಕೊಯ್ಲಿನ ಮಾತು ನಡೆದಿತ್ತು. ರಾತ್ರಿ ಒಬ್ಬ ಕೇಳುಗಳಿಂದ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ನೋಟ್ ಬಂತು. ನರ್ಸಿಂಗ್ ಓದೋ ಹುಡುಗಿ. ಅಳು ತಡಕೊಂಡು ಮಾತಾಡೋರ ದನಿ ಹೆಂಗಿರ್ತದ ಗೊತ್ತಲ್ಲ, ಹಂಗಿತ್ತು. "ಅಣ್ಣಾ, ನಾಳೆ ರ‍್ಯಾಪ್ಚರ್ ಅಂತ. ನಮ್ಮ ಅವ್ವ ಇನ್ನೂ ನಂಬಿಲ್ಲ. ಆಕಿ ಇಲ್ಲೇ ಉಳಿತಾಳೇನು? ನಾ ಪರೀಕ್ಷಾ ಫೀ ಕೂಡ ತುಂಬಿಲ್ಲ."

ಆ ವಾರ ನಿಮ್ಮ ಫೋನಿನಾಗೂ ಆ ವೀಡಿಯೊ ಬಂದಿರಬಹುದು. ದಕ್ಷಿಣ ಆಫ್ರಿಕಾದ ಒಬ್ಬ ಬೋಧಕ, ಸೆಪ್ಟೆಂಬರ್ 23 ಅಥವಾ 24ಕ್ಕೆ ಯೇಸು ಬಂದು ತನ್ನವರನ್ನು ಆಕಾಶಕ್ಕೆ ಎತ್ತಿಕೊಂಡು ಹೋಗ್ತಾನೆ ಅಂತ ಹೇಳಿದ್ದ. ಯೆಹೂದಿಗಳ ಹೊಸ ವರ್ಷದ ಹಬ್ಬವೂ ಅದೇ ಹೊತ್ತಿಗೆ ಬಂದಿತ್ತು. ಟಿಕ್‌ಟಾಕ್‌ನಲ್ಲಿ ಅದು ಕಾಡ್ಗಿಚ್ಚಾಯ್ತು. ನಮ್ಮಲ್ಲಿ 2020ರಿಂದ ಟಿಕ್‌ಟಾಕ್ ಇಲ್ಲ, ಆದ್ರ ರೀಲ್ಸ್‌ಗೆ, ಶಾರ್ಟ್ಸ್‌ಗೆ ಬರಲಿಕ್ಕೆ ಎಷ್ಟು ಹೊತ್ತು? ನೌಕರಿ ಬಿಟ್ಟೆ, ಕಾರು ಮಾರಿದೆ ಅಂತ ಹೇಳಿಕೊಂಡವರ ವೀಡಿಯೊಗಳೂ ಬಂದವು. ಮಂಗಳವಾರ ಹೋಯ್ತು, ಬುಧವಾರ ಹೋಯ್ತು. ಆಮೇಲೆ ಲೆಕ್ಕ ತಪ್ಪಿತ್ತು, ಅಕ್ಟೋಬರ್ ಅಂತ ಅಂದವರೂ ಇದ್ದರು.

ನಗೋದು ಸುಲಭ. ನಾನೂ ಮೊದಲು ನಕ್ಕಿದ್ದೆ, ಸುಳ್ಳ್ಯಾಕ ಹೇಳಲಿ. ಆದ್ರ ಆ ಹುಡುಗಿಗೆ ಏನಂತ ಉತ್ತರ ಕೊಡಬೇಕು ಅಂತ ಕುಂತಾಗ ನೆನಪಾದದ್ದು ನಮ್ಮ ಧಾರವಾಡ ಜಿಲ್ಲೆಯದೇ ಒಂದು ಕಥೆ. 1840ರ ಆಸುಪಾಸಿನದು. ಅದಕ್ಕೆ ಹೋಗೋ ಮುಂಚೆ, ಈ ರ‍್ಯಾಪ್ಚರ್ ಅನ್ನೋದು ಎಲ್ಲಿಂದ ಬಂತು ಅನ್ನೋದು ಸ್ವಲ್ಪ ತಿಳಕೊಳ್ಳೋಣ.

ಬೈಬಲ್ಲಿನಾಗ ರ‍್ಯಾಪ್ಚರ್ ಅನ್ನೋ ಶಬ್ದ ಇಲ್ಲ. ಸುಮಾರು ಕ್ರಿ.ಶ. 50ರ ಹೊತ್ತಿಗೆ ಪೌಲ ಗ್ರೀಸಿನ ಥೆಸಲೊನೀಕ ಊರಿನ ವಿಶ್ವಾಸಿಗಳಿಗೆ ಒಂದು ಪತ್ರ ಬರೆದ. ಅದರ ನಾಲ್ಕನೆಯ ಅಧ್ಯಾಯದಲ್ಲಿ, ಕರ್ತನು ಬರುವಾಗ ಸತ್ತವರು ಮೊದಲು ಏಳ್ತಾರೆ, ಬದುಕಿದ್ದವರು ಅವರ ಜೊತೆ ಮೇಘಗಳಲ್ಲಿ ಮೇಲಕ್ಕೆ ಒಯ್ಯಲ್ಪಡ್ತಾರೆ ಅನ್ನೋ ಅರ್ಥದ ಮಾತಿದೆ. ಅಲ್ಲಿರೋ ಗ್ರೀಕ್ ಕ್ರಿಯಾಪದ ಹರ್ಪಾಜೋ. ಹದ್ದು ಕೋಳಿಮರಿನ ಗಬಕ್ಕನೆ ಎತ್ತಿಕೊಂಡು ಹೋದಂಗ ಎತ್ತೋದು, ಕಸಕೊಳ್ಳೋದು. ಲ್ಯಾಟಿನ್ ಬೈಬಲ್ಲಿನಾಗ ಅದು ರಪಿಯೆಮುರ್ ಆಯ್ತು, ಅದರಿಂದ ಇಂಗ್ಲಿಷಿನ ರ‍್ಯಾಪ್ಚರ್. ನಮ್ಮ ಕನ್ನಡ ಸಭೆಗಳಲ್ಲಿ 'ಎತ್ತಲ್ಪಡುವುದು' ಅಂತಾರೆ. ಯೇಸು ತಿರುಗಿ ಬರೋದಕ್ಕೆ 'ಎರಡನೇ ಬರೋಣ' ಅಂತಾರೆ.

ಪೌಲ ಆ ಮಾತು ಬರೆದದ್ದು ಯಾಕ ಅನ್ನೋದು ಮುಖ್ಯ. ಥೆಸಲೊನೀಕದವರು ದಿನಾಂಕ ಕೇಳಿರಲಿಲ್ಲ. ಅವರ ಮನೆಯವರು ಕೆಲವರು ಸತ್ತುಹೋಗಿದ್ದರು. ಕ್ರಿಸ್ತ ಬರೋ ಮೊದಲೇ ಸತ್ತ ನಮ್ಮವರ ಗತಿ ಏನು, ಅವರು ಹಿಂದೆ ಉಳಿತಾರೇನು ಅನ್ನೋದು ಅವರ ಚಿಂತೆ. ಇಲ್ಲ, ಅವರೇ ಮೊದಲು ಅಂತ ಪೌಲ ಸಮಾಧಾನ ಹೇಳಿದ. ಇವತ್ತಿಗೂ ಕ್ರೈಸ್ತರ ಅಂತ್ಯಕ್ರಿಯೆಯಲ್ಲಿ ಈ ಭಾಗ ಓದ್ತಾರೆ. ನಮ್ಮವರು ಹಿಂದೆ ಉಳಿಯಲ್ಲ ಅಂತ ಹೇಳಲಿಕ್ಕೆ ಬರೆದ ಸಾಲುಗಳೇ 'ನಿಮ್ಮವರು ಹಿಂದೆ ಉಳಿತಾರೆ' ಅಂತ ಹೆದರಿಸೋ ವೀಡಿಯೊ ಆಗಿ ಬರ್ತಾವ. ನನಗ ಬ್ಯಾಸರ ಆಗೋದು ಇಲ್ಲೇ.

ಹೆಚ್ಚುಕಡಿಮೆ 1800 ವರ್ಷ ಚರ್ಚು ಈ ಎತ್ತಲ್ಪಡುವುದನ್ನು ಬೇರೆ ಘಟನೆ ಅಂತ ಎಣಿಸಲಿಲ್ಲ. ಕ್ರಿಸ್ತ ಒಮ್ಮೆ ಬರ್ತಾನೆ, ಸತ್ತವರು ಏಳ್ತಾರೆ, ನ್ಯಾಯತೀರ್ಪು ಆಗ್ತದ, ಅಷ್ಟೇ. ಕ್ಯಾಥೊಲಿಕರು, ಆರ್ಥಡಾಕ್ಸ್‌ನವರು, ನಮ್ಮ ಕಡೆಯ ಸಿಎಸ್ಐ ಸಭೆಯಂಥವು ಇವತ್ತಿಗೂ ಸಾಮಾನ್ಯವಾಗಿ ಕಲಿಸೋದು ಅದನ್ನೇ. 1830ರ ದಶಕದಲ್ಲಿ ಐರ್ಲೆಂಡಿನ ಜಾನ್ ನೆಲ್ಸನ್ ಡಾರ್ಬಿ ಅನ್ನೋ ಬೋಧಕ ಇದನ್ನು ಎರಡು ಹಂತ ಮಾಡಿದ: ಮೊದಲು ಕ್ರಿಸ್ತ ತನ್ನ ಸಭೆಯನ್ನು ಎತ್ತಿಕೊಳ್ತಾನೆ, ಆಮೇಲೆ ಭೂಮಿ ಮೇಲೆ ಏಳು ವರ್ಷದ ಮಹಾಸಂಕಟ, ಅದರ ಕೊನೆಗೆ ಎಲ್ಲರ ಕಣ್ಣಿಗೆ ಕಾಣೋ ಬರೋಣ. ಡಾರ್ಬಿಯ ಹಿಂಬಾಲಕರು 'ಮಹಾಸಂಕಟಕ್ಕೆ ಮುಂಚೆ' ಅಂದರು. ಬೇರೆಯವರು 'ಅದರ ನಡುವೆ', 'ಅದು ಮುಗಿದ ಮೇಲೆ' ಅಂತ ವಾದಿಸಿದರು. ಈ ಮೂರು ಪಕ್ಷದ ಜಗಳ ಇನ್ನೂ ಮುಗಿದಿಲ್ಲ. 1909ರಲ್ಲಿ ಅಮೆರಿಕದ ಸ್ಕೋಫೀಲ್ಡ್ ಟಿಪ್ಪಣಿ ಸಮೇತ ಅಚ್ಚು ಹಾಕಿದ ಬೈಬಲ್, ಡಾರ್ಬಿಯ ಲೆಕ್ಕವನ್ನು ಮನೆ ಮನೆಗೆ ಮುಟ್ಟಿಸಿತು. ಭಾರತಕ್ಕೆ ಅದು ಬ್ರದರನ್ ಸಭೆಗಳ ಮೂಲಕ, ಆಮೇಲೆ ಪೆಂಟೆಕೋಸ್ಟ್ ಸಭೆಗಳ ಮೂಲಕ ಬಂತು.

ಇಲ್ಲೊಂದು ವಿಚಿತ್ರ ಐತಿ ನೋಡ್ರಿ. ಡಾರ್ಬಿಯ ಪ್ರಕಾರ ಎತ್ತಲ್ಪಡುವುದು ಯಾವ ಕ್ಷಣದಲ್ಲಾದರೂ ಆಗಬಹುದು, ಅದಕ್ಕೆ ಮುಂಚೆ ಯಾವ ಗುರುತೂ ಬೇಕಿಲ್ಲ. ಯಾವ ಕ್ಷಣದಲ್ಲಾದರೂ ಅಂದಮೇಲೆ ದಿನಾಂಕ ಹೇಳಲಿಕ್ಕೇ ಬರೋದಿಲ್ಲ! ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ ಅಂತ ಮತ್ತಾಯನ ಸುವಾರ್ತೆಯಲ್ಲಿ ಯೇಸುವೇ ಹೇಳ್ತಾನೆ. ಹಂಗಾದ್ರ ದಿನಾಂಕದ ಚಟ ಎಲ್ಲಿಂದ ಬಂತು? ಅದು ಬೇರೆ ಮನೆತನದ್ದು. ಆ ಮನೆತನದ ಮಂದಿ ಹುಬ್ಬಳ್ಳಿಗೂ ಬಂದಿದ್ದರು.

ಜರ್ಮನಿಯ ದಕ್ಷಿಣಕ್ಕೆ ವ್ಯೂರ್ಟೆಂಬೆರ್ಗ್ ಅಂತ ಒಂದು ಪ್ರಾಂತ. ಅಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಅಂತ ದೊಡ್ಡ ಪಂಡಿತ ಇದ್ದ. ಹುಟ್ಟಿದ್ದು 1687, ತೀರಿದ್ದು 1752. ಅವನೇನು ಬುರುಡೆ ಬಿಡೋ ಮನುಷ್ಯ ಅಲ್ಲ. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೋಲಿಸಿ ಪಾಠ ಶೋಧನೆ ಮಾಡಿದ ವಿದ್ವಾಂಸ, ಅದು 1734ರಲ್ಲಿ ಅಚ್ಚಾಯ್ತು. ಅಂಥವನು ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆಯನ್ನು ಹಿಡಕೊಂಡು ಲೆಕ್ಕಕ್ಕೆ ಕುಂತ. ಅಲ್ಲಿ ಮೃಗದ ಸಂಖ್ಯೆ 666. ಮೃಗ ಆಳೋದು 42 ತಿಂಗಳು. 666 ಅಂದ್ರ ವರ್ಷಗಳು ಅಂತ ಹಿಡಿದು, ಅದನ್ನು 42ರಿಂದ ಭಾಗಿಸಿದ. ಒಂದು ಪ್ರವಾದನೆಯ ತಿಂಗಳು ಅಂದ್ರ ಸುಮಾರು 15 ವರ್ಷ 10 ತಿಂಗಳು ಅಂತ ಬಂತು. ಅದೇ ಅಳತೆಗೋಲು ಹಿಡಿದು ಇತಿಹಾಸ ಪೂರ್ತಿ ಅಳೆದ. ಕೊನೆಗೆ ಬಂದ ಉತ್ತರ: 1836ನೇ ಇಸವಿ ಜೂನ್ 18. ಅವತ್ತು ಮೃಗ ಬೀಳ್ತದ, ಸಾವಿರ ವರ್ಷದ ಆಳ್ವಿಕೆ ಶುರು.

ಬೆಂಗೆಲ್ ಒಂದು ಮಾತು ಸೇರಿಸಿದ್ದ: 1836 ಏನೂ ಆಗದೆ ದಾಟಿದರೆ ನನ್ನ ಲೆಕ್ಕದಲ್ಲೇ ದೊಡ್ಡ ತಪ್ಪಿದೆ, ಹುಡುಕಿರಿ ಅಂತ. ಇವತ್ತಿನ ಎಷ್ಟು ಜನ ಇಷ್ಟು ಹೇಳ್ತಾರೆ?

ಆ ತಾರೀಖು ವ್ಯೂರ್ಟೆಂಬೆರ್ಗಿನ ಭಕ್ತಿಪಂಥದವರ, ಅಂದ್ರ ಪಯಟಿಸ್ಟರ, ಮನೆಗಳಲ್ಲಿ ಮೂರು ತಲೆಮಾರು ಓಡಾಡಿತು. ನಡುವೆ ನೆಪೋಲಿಯನ್ ಬಂದ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ; ಬೆಳೆ ಕೊಳೆತು ಹಸಿವು ಬಿತ್ತು. ಕಡೆಗಾಲ ಬಂತು ಅನ್ನಲಿಕ್ಕೆ ಇನ್ನೇನು ಬೇಕು? ಸಾವಿರಾರು ಜನ 1817ರ ಹೊತ್ತಿಗೆ ಮನೆಮಠ ಮಾರಿ ಪೂರ್ವಕ್ಕೆ, ರಷ್ಯಾದ ಕಡೆ ಹೊರಟುಬಿಟ್ಟರು. ಹಸಿವೂ ಕಾರಣ, ಕ್ರಿಸ್ತನನ್ನು ಎದುರುಗೊಳ್ಳೋ ಆಸೆಯೂ ಕಾರಣ.

ಅದೇ ಕಾಲದಲ್ಲಿ, 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಒಂದು ಮಿಷನ್ ಶುರುವಾಯ್ತು. ನಮ್ಮ ಮಂಗಳೂರು ಹೆಂಚು, ಕಿಟೆಲ್ ನಿಘಂಟು, ಧಾರವಾಡದ ಬಾಸೆಲ್ ಮಿಷನ್ ಶಾಲೆ, ಎಲ್ಲದರ ಮೂಲ ಅದೇ. ಅಲ್ಲಿಗೆ ಬಂದ ಹುಡುಗರಲ್ಲಿ ಬಹಳ ಮಂದಿ ಇದೇ ವ್ಯೂರ್ಟೆಂಬೆರ್ಗಿನ ಭಕ್ತಿಪಂಥದ ಮನೆಯವರು. ಸುವಾರ್ತೆ ಎಲ್ಲ ಜನಾಂಗಕ್ಕೂ ಮುಟ್ಟಿದ ಮೇಲೆ ಅಂತ್ಯ ಬರ್ತದ ಅನ್ನೋ ನಂಬಿಕೆ ಅವರ ಕೆಲಸಕ್ಕೆ ಒಳಗಿನ ಉರಿ.

1833ರಲ್ಲಿ ಕಂಪನಿ ಸರ್ಕಾರದ ಸನ್ನದು ಬದಲಾಗಿ ಇಂಗ್ಲಿಷರಲ್ಲದ ಮಿಷನರಿಗಳಿಗೂ ದಾರಿ ತೆರೆಯಿತು. 1834ರಲ್ಲಿ ಮೂವರು ಮಂಗಳೂರಿಗೆ ಬಂದರು. ವ್ಯೂರ್ಟೆಂಬೆರ್ಗಿನ ಬ್ರಾಕೆನ್‌ಹೈಮಿನಲ್ಲಿ 1811ರಲ್ಲಿ ಹುಟ್ಟಿದ ಹೆರ್ಮನ್ ಮೋಗ್ಲಿಂಗ್ ಬಂದದ್ದು ಯಾವಾಗ ಗೊತ್ತೇನು? 1836ರಲ್ಲಿ! ಬೆಂಗೆಲ್ ಹೇಳಿದ ವರ್ಷದಲ್ಲೇ. ಮೃಗ ಬೀಳಲಿಲ್ಲ, ಇಪ್ಪತ್ತೈದರ ಹುಡುಗ ಹಡಗಿನಿಂದ ಇಳಿದ. ಮುಂದೆ 1843ರಲ್ಲಿ 'ಮಂಗಳೂರ ಸಮಾಚಾರ' ತೆಗೆದ, ಕನ್ನಡದ ಮೊದಲ ಪತ್ರಿಕೆ, ಅವನೇ ಇವನು. ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು.

ಈಗ ನಮ್ಮ ಕಡೆ ಆಗ ಹೆಂಗಿತ್ತು ಅಂತ ನೋಡ್ರಿ. 1818ರಲ್ಲಿ ಪೇಶ್ವೆ ಹೋದ, ಕಂಪನಿ ಬಂತು. 1824ರಲ್ಲಿ ಕಿತ್ತೂರಿನ ಯುದ್ಧ; ಕಲೆಕ್ಟರ್ ಥ್ಯಾಕರೆ ಸತ್ತ, ಚೆನ್ನಮ್ಮ ಸೆರೆಯಾದಳು. 1831ರಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಹದಿಮೂರು ವರ್ಷದಾಗ ಇಷ್ಟು. ವ್ಯೂರ್ಟೆಂಬೆರ್ಗಿನ ರೈತನಿಗೆ ನೆಪೋಲಿಯನ್ ಹೆಂಗ ಕಂಡನೋ, ಹುಬ್ಬಳ್ಳಿ ಸೀಮೆಯ ರೈತನಿಗೆ ಕಂಪನಿ ಹಂಗೇ ಕಂಡಿರಬೇಕು, ಇದು ನನ್ನ ಊಹೆ. ಜಗತ್ತು ತಲೆಕೆಳಗಾಗಿದೆ, ಇದು ಎಲ್ಲೋ ಮೊದಲೇ ಬರೆದಿರಬೇಕು ಅಂತ ಅನ್ನಿಸೋ ಕಾಲ.

ಬರೆದಿತ್ತು ಕೂಡ. ಕಾಲಜ್ಞಾನ ಅನ್ನೋದು ನಮಗೆ ಹೊಸದಲ್ಲ. 1584ರಲ್ಲಿ ವಿರೂಪಾಕ್ಷ ಪಂಡಿತ ಬರೆದ ಚೆನ್ನಬಸವ ಪುರಾಣದಲ್ಲೇ ಮುಂದಾಗೋದರ ಮಾತು ಬರ್ತದ. ಕಲ್ಯಾಣ ಹಾಳಾಗ್ತದ, ಕೆಟ್ಟ ಕಾಲ ಬರ್ತದ. ಆಮೇಲೆ ವಸಂತರಾಯ ಅನ್ನೋ ಅರಸ ಬರ್ತಾನೆ, ಚೆನ್ನಬಸವಣ್ಣ ತಿರುಗಿ ಬರ್ತಾನೆ, ಕಲ್ಯಾಣ ಮತ್ತೆ ಕಟ್ಟಲ್ಪಡ್ತದ. ವೀರವಸಂತರಾಯನ ಹೆಸರು ಲಿಂಗಾಯತ ಕಾಲಜ್ಞಾನ ಸಾಹಿತ್ಯದ ತುಂಬ ಇದೆ. ಮುಗಿದು ಹೋದ ಕಲ್ಯಾಣ, ತಿರುಗಿ ಬರೋ ಗುರು, ನಡುವೆ ಸಂಕಟದ ವರ್ಷಗಳು. ಪ್ರಕಟನೆ ಪುಸ್ತಕ ಓದಿದವರಿಗೆ ಈ ಆಕಾರ ಪರಿಚಯದ್ದೇ ಅನ್ನಿಸಬೇಕು.

ಈ ಗ್ರಂಥಗಳನ್ನು ನಂಬಿ, ಆ ಗಳಿಗೆ ಕಾಯ್ತಿದ್ದ ಒಂದು ಲಿಂಗಾಯತ ಪಂಗಡ ಹುಬ್ಬಳ್ಳಿಯ ಸುತ್ತ ಇತ್ತು. ಮಿಷನ್ನಿನವರು ಅವರನ್ನು ಕಾಲಜ್ಞಾನಿಗಳು ಅಂತಲೇ ಕರೆದಿದ್ದಾರೆ. 1840ರ ಹೊತ್ತಿಗೆ ಇವರು ಬಿಳಿ ಪಾದ್ರಿಗಳ ಹತ್ತಿರ ಬಂದರು. ದೂರದಿಂದ ಬಂದ ಈ ಜನ, ಇವರು ಹೇಳೋ ಬರಲಿರುವ ಅರಸ, ತಿರುಗಿ ಬರುವ ಗುರು... ಇದು ನಮ್ಮ ಪುಸ್ತಕದ ಮಾತಿಗೆ ಸಂಬಂಧಪಟ್ಟದ್ದೇ ಅಂತ ಅವರಿಗೆ ಅನ್ನಿಸ್ತು. ಅತ್ತ ಪಾದ್ರಿಗಳಿಗೂ ಹಂಗೇ ಅನ್ನಿಸ್ತು. ಒಬ್ಬಿಬ್ಬರಲ್ಲ, ದೊಡ್ಡ ಗುಂಪೇ ಕ್ರೈಸ್ತರಾಗ್ತದ ಅಂತ ಆಸೆ ಹುಟ್ಟಿತು. ಹೆಚ್ಚು ಆಸೆ ಇಟ್ಟವರಲ್ಲಿ ಮೋಗ್ಲಿಂಗ್ ಒಬ್ಬ.

ಕ್ಷಣ ನಿಂತು ಯೋಚನೆ ಮಾಡ್ರಿ. ಎರಡೂ ಕಡೆಯವರ ಕೈಯಾಗ ಒಂದೊಂದು ಹಳೆಯ ಪುಸ್ತಕ. ಎರಡೂ ಕಡೆಯವರಿಗೆ ಎದುರಿಗಿರೋ ಮನುಷ್ಯ ತನ್ನ ಪುಸ್ತಕದ ಭವಿಷ್ಯ ನಿಜ ಆಗ್ತಿರೋದಕ್ಕೆ ಸಾಕ್ಷಿಯಂಗ ಕಾಣ್ತಾನ. ಎದುರಿನವನ ಪುಸ್ತಕದಾಗ ಏನೈತಿ ಅಂತ ಪೂರ್ತಿ ಓದಿದವರು ಆ ಹೊತ್ತಿಗೆ ಯಾರು?

ಆಸೆ ಬರೀ ಮಾತಾಗಿ ಉಳಿಯಲಿಲ್ಲ. ಈಗಿನ ಗದಗ-ಬೆಟಗೇರಿ ಹತ್ತಿರ ಮಲಸಮುದ್ರ ಅನ್ನೋ ಊರಿದೆ. (ಗದಗ ಆಗ ಧಾರವಾಡ ಜಿಲ್ಲೆಯೊಳಗೇ ಇತ್ತು, ಬೇರೆ ಆದದ್ದು 1997ರಲ್ಲಿ.) 1841ರಲ್ಲಿ ಮಿಷನ್ ಅಲ್ಲಿ ಭೂಮಿ ಹಿಡಿಯಿತು. ಬರೋ ಕುಟುಂಬಗಳಿಗೆ ಉಳಲಿಕ್ಕೆ ಹೊಲ, ಇರಲಿಕ್ಕೆ ಮನೆ, ಒಟ್ಟಿಗೆ ಒಂದು ಕ್ರೈಸ್ತ ರೈತರ ಊರು ಮಾಡೋ ಯೋಜನೆ. ಅದೇ ವರ್ಷ ಬೆಟಗೇರಿಯಲ್ಲೂ ಕೇಂದ್ರ ತೆಗೆದರು.

ಕಾಲಜ್ಞಾನಿಗಳು ಬರಲಿಲ್ಲ. ಗುಂಪಾಗಿ ಬರ್ತಾರೆ ಅಂದ ಜನ ಗುಂಪಾಗಿ ಬರಲಿಲ್ಲ, ಮಲಸಮುದ್ರ ಅಂದುಕೊಂಡ ಊರಾಗಲಿಲ್ಲ. ಮಿಷನ್ನಿನ ಇತಿಹಾಸ ಬರೆದವರು ಇದನ್ನು ಹುಸಿಹೋದ ಆಸೆ ಅಂತ ಒಂದೆರಡು ಸಾಲಿನಾಗ ಮುಗಿಸ್ತಾರೆ. ನನಗೆ ಅನ್ನಿಸೋದು, ಎರಡೂ ಕಡೆಯವರು ಕಾಯ್ತಿದ್ದ ರಾಜ್ಯ ಒಂದೇ ಆಗಿರಲಿಲ್ಲ. ಕಾಲಜ್ಞಾನಿಗೆ ಬೇಕಾದದ್ದು ಈ ನೆಲದ ಮೇಲೆ ಕಲ್ಯಾಣ, ಕಂದಾಯ ಕೇಳದ ಅರಸ ಇದ್ದಿರಬಹುದು. ಪಾದ್ರಿ ಕೊಡೋದು ದೀಕ್ಷಾಸ್ನಾನ. ಅದರ ಜೊತೆಗೆ ಬಂಧುಬಳಗದಿಂದ ಹೊರಬೀಳೋದು. ಶಬ್ದ ಒಂದೇ ಇದ್ದರೂ ಸರಕು ಬೇರೆ.

ಅಮೆರಿಕದಲ್ಲೂ ಇದೇ ಹೊತ್ತಿಗೆ ವಿಲಿಯಂ ಮಿಲ್ಲರ್ ಅನ್ನೋ ರೈತ ಬೋಧಕನ ಹಿಂಬಾಲಕರು 1844ರ ಅಕ್ಟೋಬರ್ 22ಕ್ಕೆ ಕಾದು ಕುಂತರು. ಬೆಳೆ ಕೊಯ್ಯದೆ ಬಿಟ್ಟವರೂ ಅದರೊಳಗಿದ್ದರು. ಏನೂ ಆಗಲಿಲ್ಲ. ಆ ದಿನಕ್ಕೆ 'ಮಹಾ ನಿರಾಸೆ' ಅಂತಲೇ ಹೆಸರು. ನಮ್ಮ ಪಕ್ಕದ ತಿರುವಾಂಕೂರಿನಲ್ಲಿ ಬ್ರಾಹ್ಮಣ ಮನೆಯಿಂದ ಕ್ರೈಸ್ತನಾದ ಜಸ್ಟಸ್ ಜೋಸೆಫ್ ಅನ್ನೋ ಪಾದ್ರಿ 1881ರಲ್ಲಿ ಕ್ರಿಸ್ತ ಬರ್ತಾನೆ ಅಂತ ಸಾರಿದರು. ದಿನ ದಾಟಿದ ಮೇಲೆ ಅವರು ಸುಮ್ಮನಾಗಲಿಲ್ಲ, ಯುಯೋಮಯಂ ಅಂತ ಬೇರೆ ಪಂಥವನ್ನೇ ಕಟ್ಟಿದರು. 2011ರಲ್ಲಿ ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಮೇ 21 ಅಂದ, ಅದು ಹೋದ ಮೇಲೆ ಅಕ್ಟೋಬರ್ 21 ಅಂದ. ಆಮೇಲೆ, ದಿನಾಂಕ ಹೇಳಿದ್ದೇ ಪಾಪ ಅಂತ ಒಪ್ಪಿಕೊಂಡ. ಅಷ್ಟರಾಗ ಎಷ್ಟೋ ಮಂದಿ ತಮ್ಮ ಉಳಿತಾಯ ಜಾಹೀರಾತು ಫಲಕಕ್ಕೆ ಸುರಿದಿದ್ದರು.

ಈಗ ಆ ರೀಲ್ಸ್ ಮತ್ತೊಮ್ಮೆ ನೋಡ್ರಿ. ಅದರಾಗ ಡಾರ್ಬಿಯ 'ಇದ್ದಕ್ಕಿದ್ದಂಗ ಮಾಯ' ಐತಿ, ಬೆಂಗೆಲ್ಲನ ತಾರೀಖೂ ಐತಿ. ಒಂದಕ್ಕೊಂದು ಹೊಂದದ ಎರಡು ಸಿದ್ಧಾಂತಗಳನ್ನು ಒಂದು ನಿಮಿಷದ ವೀಡಿಯೊದಲ್ಲಿ ಹೊಲೆದಿದ್ದಾರೆ. ಮಹಾಸಂಕಟಕ್ಕೆ ಮುಂಚೆ ಎತ್ತಲ್ಪಡ್ತೇವೆ ಅಂತ ಮನಸಾರೆ ನಂಬೋ ಸಭೆಗಳ ಪಾಸ್ಟರುಗಳೇ ಆ ವಾರ ದಿನಾಂಕ ನಂಬಬೇಡಿ ಅಂತ ಹೇಳಿದರು. ಹಂಗ ಹೇಳೋ ವೀಡಿಯೊ ವೈರಲ್ ಆಗೋದಿಲ್ಲ, ಅಷ್ಟೇ.

ಇದು ಕ್ರೈಸ್ತರ ಹುಚ್ಚು, ನಮಗೇನು ಅಂತ ಅನ್ನಬ್ಯಾಡ್ರಿ. ಮೈಲಾರದ ಕಾರಣಿಕದ ಒಂದು ಸಾಲು ಬಿದ್ದ ಕೂಡಲೇ ಯಾವ ಸರ್ಕಾರ ಬೀಳ್ತದ ಅಂತ ಟಿವಿಯವರು ಅರ್ಧ ತಾಸು ಕೂರ್ತಾರೆ. ಯುಗಾದಿಗೆ ಧಾರವಾಡ ತಾಲೂಕಿನ ಹನುಮನಕೊಪ್ಪದ ಬೊಂಬೆಗಳನ್ನು ನೋಡಲಿಕ್ಕೆ ನಮ್ಮ ಮನೆಯವರೂ ಕಾಯ್ತಾರೆ. ಮಳೆ ಬರ್ತದೋ ಇಲ್ಲೋ ಅಂತ ಮೊದಲೇ ತಿಳಿಯೋ ಆಸೆ ರೈತನಿಗೆ ಇರಬಾರದು ಅಂತ ನಾ ಹೆಂಗ ಹೇಳಲಿ? ನನ್ನ ತಕರಾರು ಇರೋದು, ಆ ಆಸೆ ಹಿಡಕೊಂಡು ಇನ್ನೊಬ್ಬರನ್ನು ಹೆದರಿಸೋರ ಜೊತೆ.

ಮಲಸಮುದ್ರದ ನಂತರ ಮಿಷನ್ನಿನವರು ಒಂದು ಕೆಲಸ ಮಾಡಿದರು, ಅದನ್ನು ಹೇಳದೆ ಬಿಡಬಾರದು. ಎದುರಿನವರ ಪುಸ್ತಕ ಓದಲಿಕ್ಕೆ ಕುಂತರು. ಮೋಗ್ಲಿಂಗ್ 1848ರಿಂದ ಬಿಬ್ಲಿಯೊಥಿಕಾ ಕರ್ನಾಟಿಕಾ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಹೊರತಂದ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಕಾಲಜ್ಞಾನಿಗಳಿಂದಲೇ ಆಯ್ತು ಅಂತ ನಾನು ಹೇಳಲ್ಲ. 1860ರ ದಶಕದಲ್ಲಿ ಇದೇ ಮಿಷನ್ನಿನ ವ್ಯೂರ್ತ್ ಅನ್ನೋರು ಚೆನ್ನಬಸವ ಪುರಾಣವನ್ನು ಇಂಗ್ಲಿಷಿಗೆ ಸಂಗ್ರಹಿಸಿ ಕೊಟ್ಟರು, ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯ್ತು. ವಸಂತರಾಯ ಯಾರು ಅಂತ ಮಿಷನ್ ವಿವರವಾಗಿ ಬರೆದುಕೊಂಡದ್ದು, ವಸಂತರಾಯನಿಗೆ ಕಾದವರು ಬಾಗಿಲಿಗೆ ಬಂದು ಹೋದ ಇಪ್ಪತ್ತು ವರ್ಷಕ್ಕೆ!

ಬೆಟಗೇರಿಯ ಸಿಎಸ್ಐ ಆಸ್ಪತ್ರೆಗೆ ಜನ ಇವತ್ತಿಗೂ 'ಜರ್ಮನ್ ಆಸ್ಪತ್ರೆ' ಅಂತಾರೆ. ಕಡೆಗಾಲಕ್ಕೆ ಅವಸರದಿಂದ ಬಂದವರ ಗುರುತು ಆ ಸೀಮೆಯಲ್ಲಿ ಉಳಿದದ್ದು ಹಿಂಗ.

ಆ ರಾತ್ರಿ ನಾನು ಹುಡುಗಿಗೆ ಇಷ್ಟೆಲ್ಲ ಹೇಳಲಿಲ್ಲ. ನೆಟ್‌ವರ್ಕ್ ಸಿಗಲಿ ಅಂತ ಮಾಳಿಗಿ ಏರಿ ಫೋನ್ ಮಾಡಿದೆ. ಥೆಸಲೊನೀಕದವರ ಪತ್ರದ ನಾಲ್ಕನೆಯ ಅಧ್ಯಾಯ ತೆಗಿ ತಂಗಿ, ಮೊದಲಿಂದ ಓದು, ಅವರು ಯಾರ ಬಗ್ಗೆ ಚಿಂತೆ ಮಾಡ್ತಿದ್ರು ನೋಡು ಅಂದೆ. ಓದಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವಗೂ ಇದನ್ನ ಓದಿ ಹೇಳ್ತೀನಿ" ಅಂದಳು. ಗುರುವಾರ ಮತ್ತೆ ಮೆಸೇಜ್ ಬಂತು. ಫೀ ತುಂಬಿದ್ದಳು, ದಂಡ ಸಮೇತ. ರಸೀದಿಯ ಫೋಟೋ ಹಾಕಿ, ಕೆಳಗ ಒಂದು ಪ್ರಶ್ನೆ: "ಅಣ್ಣಾ, ಆ ಮಲಸಮುದ್ರಕ್ಕ ಗದಗಿನಿಂದ ಬಸ್ಸೈತೇನು?"